ಅನ್ನದ ಮರದ ಪಾತ್ರೆ ಒಹಿತ್ಸು: ಕೊಳ್ಳುವ ಮುನ್ನ, ಕೊಂಡ ಮೇಲೆ

ಟೋಕಿಯೊದಲ್ಲಿ ಅಸಾಕುಸಾಕ್ಕೂ ಉಎನೊಗೂ ನಡುವೆ ಕಪ್ಪಾಬಾಶಿ ಎಂಬ ಅಡುಗೆ ಸಾಮಾನಿನ ಬೀದಿಯಿದೆ. ಊರಿಂದ ಬಂದವರು ಅಲ್ಲಿನ ಮರದ ಪಾತ್ರೆಗಳ ಮುಂದೆ ನಿಂತರೆ ಮುಖ್ಯವಾಗಿ ಮೂರು ಬಗೆ ಕಾಣುತ್ತವೆ: ಬಿಸಿ ಅನ್ನ ತುಂಬಿಡುವ ಮುಚ್ಚಳದ ಒಹಿತ್ಸು, ಸುಶಿಯ ಅನ್ನ ಕಲಸುವ ಅಗಲ ಬಾಯಿಯ ಹಂಗಿರಿ, ಬುತ್ತಿಗೆ ಬಳಸುವ ತೆಳು ಹಲಗೆಯ ಮಗೆವಪ್ಪಾ. ಚೆಂದವೆಂದು ಕೊಂಡೊಯ್ದು ಒಂದು ಮಳೆಗಾಲದಲ್ಲೇ ಕಪ್ಪು ಹಿಡಿಸುವವರು ಬಹಳ. ಒಹಿತ್ಸು ಅನ್ನದ ನೀರಿನಂಶ ಹಿಡಿತದಲ್ಲಿಡುವ ಸಲಕರಣೆ ಎಂದುಕೊಂಡರೆ ಮಾತ್ರ ಅದರ ಆರೈಕೆ ಅರ್ಥವಾಗುತ್ತದೆ.

ಒಳ್ಳೆಯ ಒಹಿತ್ಸುವಿನ ಮರ ಸವಾರಾ. ನಾಗಾನೊ ಪ್ರಾಂತ್ಯದ ಕಿಸೊ ಕಣಿವೆಯ ಸವಾರಾಕ್ಕೆ ಹೆಸರು ಹೆಚ್ಚು. ಎದೊ ಕಾಲದಲ್ಲಿ (1603–1868) ಕಿಸೊದ ಐದು ಜಾತಿಯ ಮರಗಳನ್ನು ಕಡಿಯದಂತೆ ಒವಾರಿ ಸಂಸ್ಥಾನ ನಿರ್ಬಂಧಿಸಿತ್ತು, ಸವಾರಾ ಅವುಗಳಲ್ಲೊಂದು. ಹಿನೋಕಿಯೂ ಅದೇ ಬಳಗದ ಮರವೇ, ಸ್ನಾನದ ತೊಟ್ಟಿಗೆ ಶ್ರೇಷ್ಠ. ಆದರೆ ಅದರ ಗಾಢ ಪರಿಮಳ ಅನ್ನಕ್ಕೆ ಹತ್ತುತ್ತದೆ. ಸವಾರಾದಲ್ಲಿ ವಾಸನೆಯೂ ರಾಳವೂ ಕಡಿಮೆ, ನೀರಿಗೆ ಬೇಗ ಕೊಳೆಯುವುದೂ ಇಲ್ಲ.

ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ಹಲಗೆಯ ಎಳೆ. ಸುತ್ತಲಿನ ಪಟ್ಟಿಗಳಲ್ಲಿ ಎಳೆಗಳು ಗೆರೆ ಎಳೆದಂತೆ ನೆಟ್ಟಗೆ, ಒತ್ತೊತ್ತಾಗಿ ಇರಬೇಕು. ಅಂಥ ಹಲಗೆ ತೇವ ಹೀರಿ ಬಿಡುತ್ತದೆ, ಸೊಟ್ಟಗಾಗುವುದೂ ಕಡಿಮೆ. ಎಳೆಗಳು ಗುಡ್ಡದ ಚಿತ್ರದಂತೆ ಬಾಗಿದ್ದರೆ ಅದು ಬೇರೆ ಕೊಯ್ತದ ಹಲಗೆ. ನೀರು ಹೊರಗೆ ಜಿನುಗದಂತೆ ಅದು ತಡೆಯುವುದರಿಂದ ಸಾಕೆ ಎಂಬ ಅಕ್ಕಿಯ ಮದ್ಯ ತುಂಬುವ ಪೀಪಾಯಿಗೆ ಬೇಕಾದದ್ದು ಅದೇ. ಅನ್ನಕ್ಕೆ ಬೇಡ.

ನಮ್ಮ ಮರಿಗೆಯ ಹಾಗೆ ಇದು ಒಂದೇ ದಿಮ್ಮಿ ತೋಡಿ ಮಾಡಿದ್ದಲ್ಲ. ಸೀಳಿ ಒಣಗಿಸಿದ ಪಟ್ಟಿಗಳ ಒಳಮೈ ಹೊರಮೈಗಳನ್ನು ಬಾಗಿದ ಕತ್ತಿಯಿಂದ ಹೆರೆಯುತ್ತಾರೆ. ಅಂಚುಗಳಿಗೆ ಉದ್ದನೆಯ ಹತ್ತರಿಯನ್ನು ಅಲಗು ಮೇಲಾಗಿ ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಪಟ್ಟಿಯನ್ನೇ ತಳ್ಳುತ್ತಾರೆ. ಅಂಚಿನ ಕೋನ ಕೂದಲೆಳೆಯಷ್ಟು ತಪ್ಪಿದರೂ ಸುತ್ತು ಕೂಡುವಾಗ ಆ ತಪ್ಪು ಪಟ್ಟಿಗಳ ಸಂಖ್ಯೆಯಷ್ಟು ಪಾಲು ಬೆಳೆಯುತ್ತದೆ. ಪಟ್ಟಿಗಳ ನಡುವೆ ಬಿದಿರಿನ ಮೊಳೆ. ಸಾಂಪ್ರದಾಯಿಕ ಅಂಟು ಎಂದರೆ ಅನ್ನವನ್ನೇ ನುಣ್ಣಗೆ ಅರೆದದ್ದು. ತಳದ ಹಲಗೆಯ ಅಂಚನ್ನು ಸುತ್ತಿಗೆಯಿಂದ ಬಡಿದು ಅದುಮಿ ಕೂರಿಸುತ್ತಾರೆ; ನೀರು ಕಂಡ ಕೂಡಲೇ ಅದುಮಿದ ಮರ ಉಬ್ಬಿ ಸಂದು ಮುಚ್ಚುತ್ತದೆ. ಕಡೆಯಲ್ಲಿ ತಾಮ್ರದ್ದೋ ಬಿದಿರಿನದೋ ಬಳೆ.

ಅಳತೆಯ ಲೆಕ್ಕ ಗೋ ಎಂಬ ಮಾನದಲ್ಲಿ. ಒಂದು ಗೋ 180 ಮಿಲಿಲೀಟರ್, ಸುಮಾರು 150 ಗ್ರಾಂ ಅಕ್ಕಿ. ಮೂರು ಗೋ ಬೇಯಿಸಿದರೆ ಹತ್ತಿರ ಹತ್ತಿರ ಒಂದು ಕಿಲೋ ಅನ್ನ. ಪಾತ್ರೆಯ ಅಳತೆ ಬೇಯಿಸುವ ಅಕ್ಕಿಗಿಂತ ಒಂದು ಸುತ್ತು ದೊಡ್ಡದಿರಲಿ. ಕಂಠಮಟ್ಟ ತುಂಬಿದರೆ ಅನ್ನ ಮುದ್ದೆಯಾಗುತ್ತದೆ, ಮುಚ್ಚಳಕ್ಕೆ ತೇವ ಹೀರುವ ಕೆಲಸವೂ ಸಿಗುವುದಿಲ್ಲ.

ಹೊಸ ಪಾತ್ರೆಗೆ ಬಿಸಿನೀರು ತುಂಬಿ, ಒಂದೆರಡು ಚಮಚ ವಿನಿಗರ್ ಹಾಕಿ ಕೆಲವು ಗಂಟೆ ಬಿಟ್ಟರೆ ಮರದ ಕಾಟು ವಾಸನೆ ಇಳಿಯುತ್ತದೆ. ಅಕ್ಕಚ್ಚು ಹಾಕುವವರೂ ಇದ್ದಾರೆ. ರಾಳ ಒಸರಿದ್ದರೆ ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಒರೆಸಿ. ಪ್ರತಿ ಸಲ ಬಳಸುವ ಮುನ್ನ ಒಳಗೆಲ್ಲ ನೀರು ತಾಗಿಸಿ, ಒದ್ದೆ ಹೊಳಪು ಉಳಿಯದಂತೆ ಒರೆಸಿಬಿಡಿ. ಒಣ ಮರಕ್ಕೆ ಅನ್ನ ಹಾಕಿದರೆ ಗಂಜಿ ಎಳೆಯೊಳಗೆ ಇಳಿದು ಕೂರುತ್ತದೆ. ಮುಂದಿನ ಕಪ್ಪು ಕಲೆಯ ಬೀಜ ಅದೇ. ಅನ್ನ ಬೆಂದು ಹತ್ತು ನಿಮಿಷ ಹಬೆಯಲ್ಲಿ ಕೂತ ಮೇಲೆ, ಒತ್ತದೆ, ಸಡಿಲವಾಗಿ ಬಗ್ಗಿಸಿ ಮುಚ್ಚಿ. ಹೆಚ್ಚಿನ ಹಬೆಯನ್ನು ಮರ ಎಳೆದುಕೊಳ್ಳುವುದರಿಂದ ಸ್ಟೀಲ್ ಡಬ್ಬಿಯಂತೆ ಮುಚ್ಚಳದಿಂದ ಹನಿ ತೊಟ್ಟಿಕ್ಕುವುದಿಲ್ಲ. ಬೆಳಗಿನ ಅನ್ನ ಮಧ್ಯಾಹ್ನಕ್ಕೆ ತಣ್ಣಗಾಗಿದ್ದರೂ ಬಿಡಿಬಿಡಿಯಾಗಿ ಮೆತ್ತಗಿರುತ್ತದೆ. ಹಾಗಂತ ಇದು ಫ್ರಿಜ್ ಅಲ್ಲ. ಸೆಕೆಗಾಲದಲ್ಲಿ ಕೆಲವೇ ಗಂಟೆಗಳಲ್ಲಿ ಖಾಲಿ ಮಾಡಿ.

ಇದೆಲ್ಲ ಜಪಾನಿನ ಮೋಟು, ಅಂಟು ಅಕ್ಕಿಯ ಲೆಕ್ಕ. ಬಸಿದ ಸೋನಾ ಮಸೂರಿಯಲ್ಲಿ ಬಿಟ್ಟುಕೊಡಲು ಹೆಚ್ಚಿನ ನೀರೇ ಇರುವುದಿಲ್ಲ, ಇದರಲ್ಲಿಟ್ಟರೆ ಅನ್ನ ಬಿರುಸಾಗುತ್ತದೆ. ಇನ್ನು ಚಿತ್ರಾನ್ನ, ಪುಳಿಯೋಗರೆಯನ್ನು ಬರಿಮರಕ್ಕೆ ತಾಗಿಸಲೇಬೇಡಿ. ಅರಿಸಿನ, ಎಣ್ಣೆ ಎರಡೂ ಒಳಗಿಳಿದರೆ ಹೊರಬರುವುದಿಲ್ಲ.

ತೊಳೆಯುವುದು ಬಿಸಿನೀರಿನಲ್ಲಿ, ನಾರಿನ ಬ್ರಶ್‌ನಿಂದ, ಎಳೆಯ ಜಾಡಿನಲ್ಲೇ ಉಜ್ಜಿ. ಸೋಪು ಹಾಕಿದರೆ ಅದನ್ನೂ ಮರ ಕುಡಿಯುತ್ತದೆ, ನಾಳೆಯ ಅನ್ನಕ್ಕೆ ಕೊಡುತ್ತದೆ. ನೆನೆಹಾಕಬಾರದು, ಪಾತ್ರೆ ತೊಳೆಯುವ ಯಂತ್ರ, ಮೈಕ್ರೊವೇವ್ ಎರಡೂ ಸಲ್ಲ. ಪಾತ್ರೆಯನ್ನು ತಿರುವಿ ನೋಡಿ: ತಳದ ಹಲಗೆ ಸ್ವಲ್ಪ ಮೇಲಿದ್ದು ಪಟ್ಟಿಗಳ ತುದಿ ಸುತ್ತಲೂ ಕಟ್ಟೆಯಂತೆ ಇಳಿದಿರುತ್ತದೆ. ಒದ್ದೆ ಕಲ್ಲಿನ ಮೇಲೆ ನೆಟ್ಟಗಿಟ್ಟರೆ ಆ ಗುಳಿಯಲ್ಲಿ ತೇವ ಸಿಕ್ಕಿಬಿದ್ದು, ಒಳಗೆ ಬೆಳ್ಳಗಿರುವಾಗಲೇ ಅಡಿಯಲ್ಲಿ ಬೂಷ್ಟು ಬೆಳೆಯುತ್ತದೆ. ಆದ್ದರಿಂದ ಒರೆಸಿ, ಓರೆಯಾಗಿ ಆನಿಸಿ, ಮುಚ್ಚಳ ಬೇರೆಯಾಗಿಟ್ಟು ನೆರಳಲ್ಲಿ ರಾತ್ರಿಯಿಡೀ ಗಾಳಿಯಾಡಿಸಿ. ತೆಳು ಕಪ್ಪು ಕಲೆ ವಿನಿಗರ್ ನೀರಿಗೆ ಮಾಸುತ್ತದೆ. ಬೇರೂರಿದ್ದನ್ನು ನುಣುಪು ಉಜ್ಜುಕಾಗದದಿಂದ ಎಳೆಯ ಜಾಡಿನಲ್ಲಿ ತೆಗೆಯಬೇಕು.

ಕರಾವಳಿಯ ಮಳೆಗಾಲದಲ್ಲಿ ಬೂಷ್ಟಿನ ಕಾಟವಾದರೆ, ಕಲಬುರಗಿಯ ಬೇಸಿಗೆಯಲ್ಲಿ ಮರ ಕುಗ್ಗಿ ಬಳೆ ಜಾರುವ ಕಾಟ. ಆಗ ಬಳೆಯನ್ನು ಮರದ ತುಂಡಿನಿಂದ ಮೆಲ್ಲಗೆ, ಸುತ್ತಲೂ ಸಮನಾಗಿ, ಪಾತ್ರೆ ಅಗಲವಾಗುವ ಕಡೆಗೆ ತಟ್ಟಿ ಏರಿಸಿ, ಸ್ವಲ್ಪ ಹೊತ್ತು ನೀರು ತುಂಬಿಡಿ. ಒಂದೇ ಕಡೆ ಬಡಿದರೆ ತಾಮ್ರ ಸುಕ್ಕುಗಟ್ಟುತ್ತದೆ. ಬಿಸಿಲಿಗಿಡುವುದು, ತಿಂಗಳುಗಟ್ಟಲೆ ಕಪಾಟಿನಲ್ಲಿ ಖಾಲಿ ಬಿಡುವುದು ಎರಡೂ ಬಳೆಗೆ ಶತ್ರು.

ಹಂಗಿರಿಗೂ ಇದೇ ಉಪಚಾರ.

ಬುತ್ತಿಗೆ ಮಾತ್ರ ಬೇಕಿದ್ದವರು ಅಕಿತಾ ಪ್ರಾಂತ್ಯದ ಒಡಾತೆಯ ಮಗೆವಪ್ಪಾ ನೋಡಿ. ಜಪಾನ್ ಸರ್ಕಾರ 1980ರಲ್ಲಿ ಇದನ್ನು ಸಾಂಪ್ರದಾಯಿಕ ಕರಕುಶಲವೆಂದು ಗುರುತಿಸಿತು. ಸುಗಿ ಮರದ ತೆಳು ಹಲಗೆಯನ್ನು ನೆನೆಸಿ, ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಅಚ್ಚಿಗೆ ಬಗ್ಗಿಸಿ ಒಣಗಿಸುತ್ತಾರೆ. ಒಂದರ ಮೇಲೊಂದು ಕೂರುವ ತುದಿಗಳನ್ನು ಕಾಡುಚೆರಿಯ ತೊಗಟೆಯಿಂದ ಹೊಲಿಯುತ್ತಾರೆ. ಬಳಿಕ ಮೂರು ದಾರಿ: ಬರಿಮರ, ಉರುಶಿ ಎಂಬ ಮರದ ರಸದ ಮೆರುಗು, ಯುರೇಥೇನ್ ಎಂಬ ಪ್ಲಾಸ್ಟಿಕ್ ಲೇಪ. ಪಲ್ಯ, ಗೊಜ್ಜು ಒಯ್ಯುವ ನಮ್ಮವರಿಗೆ ಉರುಶಿಯದೇ ಸರಿ. ಬೆಲೆ ಹೆಚ್ಚಾದರೂ ಎಣ್ಣೆ, ಅರಿಸಿನ ತಡೆಯುತ್ತದೆ. ಯುರೇಥೇನ್ ಬಳಿದದ್ದನ್ನು ಮೆತು ಸ್ಪಂಜಿನಿಂದ ಸೋಪಿನಲ್ಲೂ ತೊಳೆಯಬಹುದು, ಆದರೆ ತೇವ ಹೀರುವ ಗುಣವನ್ನು ಆ ಲೇಪ ಕಸಿದುಕೊಂಡಿರುತ್ತದೆ. ಮೂರೂ ನೋಡಲು ಒಂದೇ ಥರ ಕಾಣುವುದುಂಟು, ಹಣ ಕೊಡುವ ಮುನ್ನ ಯಾವುದೆಂದು ಕೇಳಿಕೊಳ್ಳಿ.