ಅಜ್ಜಿಯ ಉಗ್ರಾಣ ಮತ್ತು ಫಿನೀಷಿಯಾದ ಹಡಗು

ಬ್ರಹ್ಮಾವರದ ಹತ್ತಿರ ನನ್ನ ಅಜ್ಜಿ ಮನೆ. ಕಳೆದ ಜೂನ್‌ನಲ್ಲಿ ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. ಮಗಳಿಗೆ ಕೆಮ್ಮು, ಜ್ವರ. ನಾನು ಕತ್ತಲೆಯಲ್ಲಿ ತಡಕಾಡುತ್ತಿದ್ದೆ. ಅಜ್ಜಿ ಮಲಗಿದಲ್ಲಿಂದಲೇ ಹೇಳಿದರು: "ಚಾವಡಿಯ ಮರದ ಪೆಟ್ಟಿಗೆ ತೆಗೆ ಮಗಾ. ಎಡಗಡೆ ಬೆಂಕಿಪೆಟ್ಟಿಗೆ, ಅದರ ಹಿಂದೆ ಕಾಳುಮೆಣಸಿನ ಡಬ್ಬಿ." ಹಾಗೇ ಇತ್ತು. ಅಜ್ಜಿಗೆ ಎರಡು ವರ್ಷದಿಂದ ಕಣ್ಣು ಮಂಜು.

ಆ ವಾರವೇ ನಾನು ಕ್ಸೆನೊಫೋನ್ ಬರೆದ 'ಒಯ್ಕೊನೊಮಿಕಸ್' ಓದುತ್ತಿದ್ದೆ. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಪುಸ್ತಕ. 'ಒಯ್ಕೊಸ್' ಅಂದರೆ ಮನೆ. ಬರೀ ಗೋಡೆ, ಮಾಡು ಅಲ್ಲ. ಹೊಲ, ದನ, ದುಡಿಯುವ ಜನ ಎಲ್ಲ ಸೇರಿ. ನಾನು ಕಾಲೇಜಲ್ಲಿ ಕಲಿತ ಎಕನಾಮಿಕ್ಸ್ ಎಂಬ ಪದದ ಬೇರು ಇದೇ.

ಅದರಲ್ಲಿ ಇಸ್ಕೊಮಾಕಸ್ ಎಂಬ ಜಮೀನ್ದಾರ ಸಾಕ್ರಟೀಸನಿಗೆ ತನ್ನ ಮನೆಯ ಕತೆ ಹೇಳುತ್ತಾನೆ. ಒಮ್ಮೆ ಅವನು ಏನೋ ಕೇಳಿದ, ಹೆಂಡತಿಗೆ ಅದು ಸಿಗಲಿಲ್ಲ, ಅವಳ ಮುಖ ಕೆಂಪಾಯಿತು. ತಪ್ಪು ನಿನ್ನದಲ್ಲ, ಯಾವುದು ಎಲ್ಲಿ ಅಂತ ನಾನೇ ಹೇಳಿಕೊಡಲಿಲ್ಲ ಅನ್ನುತ್ತಾನೆ. ಆಮೇಲೆ ತಾನು ಕಂಡ ದೊಡ್ಡ ಫಿನೀಷಿಯನ್ ಹಡಗಿನ ಸುದ್ದಿ. ಫಿನೀಷಿಯಾ ಅಂದರೆ ಈಗಿನ ಲೆಬನಾನ್ ಕಡೆಯ ಕರಾವಳಿ. ಇಕ್ಕಟ್ಟಾದ ಜಾಗದಲ್ಲಿ ಎಷ್ಟೊಂದು ಸಾಮಾನು! ಆದರೆ ಅಲ್ಲಿನ ಒಬ್ಬ ಅಧಿಕಾರಿಗೆ ಪ್ರತಿಯೊಂದರ ಜಾಗ ಬಾಯಿಪಾಠ. ಬಿಡುವಿದ್ದಾಗಲೂ ಪರೀಕ್ಷಿಸುತ್ತಾನೆ. ಸಮುದ್ರದಲ್ಲಿ ಬಿರುಗಾಳಿ ಎದ್ದರೆ ಹುಡುಕುವುದಕ್ಕೆ ಪುರುಸೊತ್ತು ಎಲ್ಲಿ?

ಇದನ್ನು ಓದಿದಾಗ ನನಗೆ ಕಂಡದ್ದು ಅಜ್ಜಿಯ ಉಗ್ರಾಣವೇ. ನಮ್ಮ ಮಳೆಗಾಲವೂ ಒಂದು ಸಮುದ್ರಯಾನ ಅಲ್ವಾ? ಮೇ ಮುಗಿಯುವುದರೊಳಗೆ ಎಲ್ಲ ಏರಬೇಕು. ಒಣ ಮೂಲೆಯಲ್ಲಿ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿ, ಒಂದೊಂದರಲ್ಲಿ 42 ಸೇರು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವ ಹಾಗೆ ಹುಣಸೆಹುಳಿ. ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಪಕ್ಕಾಸಿಗೆ ತೂಗುಹಾಕಿದ ಸೌತೆಕಾಯಿ. ಹಲಸಿನ ಹಪ್ಪಳದ ಎರಡು ಡಬ್ಬಿ. ಒಂದು ದಿನನಿತ್ಯದ ಖರ್ಚಿಗೆ, ಇನ್ನೊಂದನ್ನು ಜುಲೈ ನಡುವಿಗೆ ಬರುವ ಆಟಿ ತಿಂಗಳವರೆಗೆ ಮುಟ್ಟುವ ಹಾಗಿಲ್ಲ. ಇಸ್ಕೊಮಾಕಸ್ ಮನೆಯಲ್ಲೂ ಧಾನ್ಯಕ್ಕೆ ಒಣ ಕೋಣೆ, ದ್ರಾಕ್ಷಾರಸಕ್ಕೆ ತಂಪು ಕೋಣೆ. ತಿಂಗಳ ಖರ್ಚಿನದ್ದು ಬೇರೆ, ವರ್ಷಕ್ಕೆ ಆಗುವಂಥದ್ದು ಬೇರೆ. ಸಾಲಾಗಿ ಇಟ್ಟ ಅಡುಗೆ ಪಾತ್ರೆಯೂ ನೋಡಲು ಚೆಂದ ಅನ್ನುತ್ತಾನೆ. ಆ ಮಾತಿಗಾಗಿ ಅವನು ನನಗೆ ತುಂಬ ಇಷ್ಟವಾದ.

ಒಪ್ಪಲಾಗದ್ದೂ ಇದೆ. ಆ ಮನೆ ನಿಂತದ್ದು ಗುಲಾಮರ ದುಡಿಮೆಯ ಮೇಲೆ. ನಮ್ಮ ಉಗ್ರಾಣ ತುಂಬುತ್ತಿದ್ದದ್ದೂ ಒಕ್ಕಲಿನವರ ಗೇಣಿಯಿಂದ. 1974ರ ಭೂಸುಧಾರಣೆಯ ನಂತರ ಗದ್ದೆ ಉಳುವವರ ಪಾಲಾಯಿತು, ಮುಡಿಗಳ ಸಾಲು ಗಿಡ್ಡವಾಯಿತು. ಅದು ಆಗಬೇಕಾದದ್ದೇ ಅಂತ ಅಜ್ಜಿಯೇ ಹೇಳುತ್ತಾರೆ.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು. ಇಸ್ಕೊಮಾಕಸನ ಹೆಂಡತಿ ಗಂಡನ ಮನೆಗೆ ಬಂದಾಗ ಅವಳಿಗೆ 15 ತುಂಬಿರಲಿಲ್ಲ. ಅವಳ ಮಾತನ್ನೆಲ್ಲ ಗಂಡನೇ ಹೇಳುತ್ತಾನೆ. ಇಡೀ ಪುಸ್ತಕದಲ್ಲಿ ಅವಳ ಹೆಸರೇ ಇಲ್ಲ. ನಮ್ಮದು ತಾಯಿಯ ಕಡೆಯಿಂದ ಮನೆತನ ಸಾಗುವ ಅಳಿಯಕಟ್ಟಿನ ಮನೆ. ಅಜ್ಜಿ ಹುಟ್ಟಿದ ಮನೆಯಲ್ಲೇ ಉಳಿದವರು, ತನ್ನ ಅಮ್ಮನಿಂದಲೇ ಉಗ್ರಾಣದ ಬೀಗದಕೈ ಪಡೆದವರು. ಆದರೂ ಅವರಿಗೆ ಗೊತ್ತಿರುವುದನ್ನು ಯಾರೂ ಬರೆದಿಡಲಿಲ್ಲ.

ಹಾಗಾಗಿ ಪ್ರತಿ ಭಾನುವಾರ ಉಡುಪಿಯಿಂದ ಬಸ್ಸು ಹತ್ತಿ ಹೋಗುತ್ತೇನೆ. ಅಜ್ಜಿ ಹೇಳುತ್ತಾರೆ, ನಾನು ಬರೆಯುತ್ತೇನೆ. ಮೊದಲ ಪುಟದಲ್ಲಿ ಅವರ ಹೆಸರಿದೆ. ಅಟ್ಟ ಮುಗಿಯಿತು. ಉಪ್ಪಿನಕಾಯಿ ಭರಣಿಗಳ ಸಾಲು ಇನ್ನೂ ಬಾಕಿ.