ರೋಮ್‌ನಲ್ಲಿ ರೂಮು: ಸ್ಟೇಷನ್ನಿನ ಯಾವ ಬದಿ, ಎಷ್ಟನೇ ಮಹಡಿ?

ರೋಮ್‌ನಲ್ಲಿ ರೂಮು ಬುಕ್ ಮಾಡುವಾಗ ‘ಸೆಂಟರ್‌ಗೆ ತೀರಾ ಹತ್ತಿರ’ ಅನ್ನೋ ಮಾತಿಗೆ ಮರುಳಾಗಬೇಡಿ. ಪ್ಯಾಂಥಿಯನ್, ಪಿಯಾಜಾ ನವೋನಾ, ಕಾಂಪೊ ದೆ ಫಿಯೋರಿ ಇರುವ ಆ ಹಳೇ ಪೇಟೆಯೊಳಗೆ ಮೆಟ್ರೋ ಸ್ಟೇಷನ್ನೇ ಇಲ್ಲ. ಬೀದಿ ತುಂಬ ಕಪ್ಪು ಕಲ್ಲಿನ ಹಾಸು; ಸೂಟ್‌ಕೇಸಿನ ಸಣ್ಣ ಚಕ್ರ ಸಂದಿಗೆ ಸಿಕ್ಕಿ ಕಿತ್ತು ಬರುವುದುಂಟು. ನೋಡಬೇಕಾದದ್ದು ಎರಡೇ: ಎ ಅಥವಾ ಬಿ ಲೈನಿನ ಮೆಟ್ರೋ ಎಷ್ಟು ದೂರ, ರೂಮು ಎಷ್ಟನೇ ಮಹಡಿ.

ಆ ಎರಡು ಲೈನ್ ಕೂಡುವುದು ರೋಮ್‌ನ ಮುಖ್ಯ ರೈಲ್ವೆ ಸ್ಟೇಷನ್ ಟೆರ್ಮಿನಿಯಲ್ಲಿ. ಹಾಗಾಗಿ ಅಲ್ಲೇ ಉಳಿಯುವವರು ಜಾಸ್ತಿ, ತಪ್ಪೇನಿಲ್ಲ. ಆದರೆ ಸ್ಟೇಷನ್ನಿನ ಎರಡು ಬದಿಗೂ ಅಜಗಜಾಂತರ. ವಿಯಾ ಜೊಲಿತ್ತಿ ಕಡೆ ಬಾಡಿಗೆ ಅಗ್ಗ, ಆದರೆ ರಾತ್ರಿ ಹೊತ್ತು ಮಕ್ಕಳು, ಬ್ಯಾಗು ಸಮೇತ ಆ ರಸ್ತೆಯುದ್ದ ನಡೆಯಲು ಮನಸ್ಸು ಹಿಂಜರಿಯುತ್ತೆ. ಇನ್ನೊಂದು ಬದಿಯಲ್ಲಿ ವಿಯಾ ಮಾರ್ಸಾಲಾ ದಾಟಿದರೆ ಸಿಗುವ ವಿಯಾ ಪಲೆಸ್ತ್ರೊ, ವಿಯಾ ಮೊಂತೆಬೆಲ್ಲೊ ವಾಸಿ. ಗಲಾಟೆಯೇ ಆಗದವರು ಎ ಲೈನಿನಲ್ಲಿ ನಾಲ್ಕು ಸ್ಟಾಪ್ ಆಚೆಯ ರೆ ದಿ ರೋಮಾ ಸುತ್ತಮುತ್ತ ನೋಡಿ. ಟ್ರಾಸ್ತೆವೆರೆ ಬಡಾವಣೆಯನ್ನು ಎಲ್ಲರೂ ಹೊಗಳುತ್ತಾರೆ. ಅಲ್ಲಿ ಮೆಟ್ರೋ ಇಲ್ಲ, ಶನಿವಾರ ರಾತ್ರಿ ಕಿಟಕಿ ಕೆಳಗೆ ಗದ್ದಲ ಮುಗಿಯುವುದೇ ಇಲ್ಲ. ಸಂಜೆ ಹೋಗಿ ತಿರುಗಾಡಿ ಬನ್ನಿ, ಸಾಕು.

ಟೆರ್ಮಿನಿ ಹತ್ತಿರ ಕಡಿಮೆ ಬೆಲೆಗೆ ಸಿಗುವುದು ಹೆಚ್ಚಾಗಿ ಪೂರ್ತಿ ಹೋಟೆಲ್ ಅಲ್ಲ, ಹಳೇ ವಸತಿ ಕಟ್ಟಡದ ಒಂದು ಮಹಡಿಯ ನಾಲ್ಕೈದು ರೂಮು. ಬೀದಿಗೆ ಬೋರ್ಡ್ ಇರಲೇಬೇಕೆಂದಿಲ್ಲ. ದೊಡ್ಡ ಬಾಗಿಲ ಪಕ್ಕದ ಹಿತ್ತಾಳೆ ಫಲಕದಲ್ಲಿ ಸಾಲು ಸಾಲು ಬೆಲ್ ಗುಂಡಿ. ಅದರಲ್ಲಿ ನಿಮ್ಮ ಗೆಸ್ಟ್‌ಹೌಸ್ ಹೆಸರು ಹುಡುಕಿ ಒತ್ತಬೇಕು. ‘ಲಿಫ್ಟ್ ಇದೆ’ ಅಂದರೆ ಇಬ್ಬರು ನಿಂತರೆ ಬ್ಯಾಗಿಗೆ ಜಾಗವಿಲ್ಲದ ಗೂಡು. ಹೊರಗಿನ ಕಬ್ಬಿಣದ ಬಾಗಿಲು, ಒಳಗಿನ ಎರಡು ಮರದ ರೆಕ್ಕೆ, ಮೂರನ್ನೂ ಕೈಯಾರೆ ಸರಿಯಾಗಿ ಮುಚ್ಚದಿದ್ದರೆ ಅದು ಜಪ್ಪಯ್ಯ ಅಂದರೂ ಅಲುಗದು. ಮೇಲೆ ಹೋದವರು ಅರೆಬರೆ ಮುಚ್ಚಿ ನಡೆದರೆ ಕೆಳಗಿದ್ದವರಿಗೆ ಮೆಟ್ಟಿಲೇ ಗತಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ದುಡ್ಡು ಕಟ್ಟುವ ಮುಂಚೆ ಮೆಸೇಜ್ ಹಾಕಿ ಕೇಳಿ: ಎಷ್ಟನೇ ಮಹಡಿ, ಲಿಫ್ಟಿಗೆ ಮುಂಚೆ ಎಷ್ಟು ಮೆಟ್ಟಿಲು, ರಾತ್ರಿ ಎಂಟರ ಮೇಲೆ ಬಂದರೆ ಬಾಗಿಲು ತೆಗೆಯುವವರು ಯಾರು. ತಡವಾಗಿ ಬಂದಿದ್ದಕ್ಕೆ 20-30 ಯೂರೊ ಕೀಳುವವರಿದ್ದಾರೆ. ‘ತಿಂಡಿ ಸೇರಿದೆ’ ಅನ್ನುವುದೂ ಎಷ್ಟೋ ಕಡೆ ಎದುರಿನ ಕಾಫಿ ಬಾರಿನ ಕೂಪನ್ ಅಷ್ಟೇ: ಒಂದು ಕಾಫಿ, ಒಂದು ಕೊರ್ನೆತ್ತೊ ಅನ್ನುವ ಸಿಹಿ ಬನ್ನು.

ಇದರ ಮೇಲೆ ಸಿಟಿ ಟ್ಯಾಕ್ಸ್. ಮೂರು ಸ್ಟಾರಿಗೆ ತಲೆಗೆ ರಾತ್ರಿಗೆ 6 ಯೂರೊ, ನಾಲ್ಕು ಸ್ಟಾರಿಗೆ 7.50. ಮೂರು ಸ್ಟಾರ್ ಹೋಟೆಲಿನಲ್ಲಿ ಗಂಡ ಹೆಂಡತಿ ಐದು ರಾತ್ರಿ ಉಳಿದರೆ 60 ಯೂರೊ, ಬುಕಿಂಗ್ ಮೊತ್ತದಲ್ಲಿ ಹೆಚ್ಚಾಗಿ ಸೇರಿರುವುದಿಲ್ಲ. ನಗದೇ ಬೇಕು ಅನ್ನುವವರ ಹತ್ತಿರ ರಸೀದಿ ಕೇಳಿ ತೆಗೆದುಕೊಳ್ಳಿ. ಹತ್ತು ವರ್ಷದ ಒಳಗಿನ ಮಕ್ಕಳಿಗೆ ಇಲ್ಲ.

ಫ್ಯೂಮಿಚೀನೊ ಏರ್‌ಪೋರ್ಟಿನಿಂದ ಟೆರ್ಮಿನಿಗೆ ಲಿಯನಾರ್ದೊ ಎಕ್ಸ್‌ಪ್ರೆಸ್ 32 ನಿಮಿಷ, 14 ಯೂರೊ. ನಾಲ್ವರು ದೊಡ್ಡವರಾದರೆ 56 ಆಯಿತು. ಬಿಳಿ ಟ್ಯಾಕ್ಸಿಗೆ ಔರೇಲಿಯನ್ ಕೋಟೆಗೋಡೆಯ ಒಳಗೆಲ್ಲಿಗೇ ಹೋದರೂ ನಿಗದಿ ದರ 55, ಅದೂ ಇಡೀ ಗಾಡಿಗೆ, ಲಗೇಜ್ ಸೇರಿಸಿ. ಹತ್ತುವ ಮುಂಚೆಯೇ ದರ ಹೇಳಿಸಿಕೊಳ್ಳಿ. ರೆ ದಿ ರೋಮಾ ಆ ಗೋಡೆಯ ಹೊರಗೆ, ಈ ದರ ಅಲ್ಲಿಗೆ ಅನ್ವಯಿಸುವುದಿಲ್ಲ. ಒಬ್ಬರೋ ಇಬ್ಬರೋ ಆದರೆ 8 ಯೂರೊದ ಎಫ್‌ಎಲ್1 ಲೋಕಲ್ ಟ್ರೈನು ಸಾಕು. ಅದು ಟೆರ್ಮಿನಿಗೆ ಹೋಗುವುದಿಲ್ಲ. ಓಸ್ತಿಯೆನ್ಸೆಯಲ್ಲಿ ಇಳಿದು ಪಕ್ಕದ ಪಿರಮಿದೆಯಲ್ಲಿ ಬಿ ಲೈನ್ ಹಿಡಿಯಿರಿ.

ಊರೊಳಗೆ 1.50 ಯೂರೊದ ಟಿಕೆಟ್ 100 ನಿಮಿಷ ನಡೆಯುತ್ತೆ. ಬಸ್ ಎಷ್ಟು ಬದಲಿಸಿದರೂ ಸರಿ, ಮೆಟ್ರೋ ಮಾತ್ರ ಒಂದೇ ಸಲ. ಗೇಟು ದಾಟಿ ಹೊರಬಂದರೆ ಮುಗಿಯಿತು. ಬ್ಯಾಂಕ್ ಕಾರ್ಡ್ ತಟ್ಟಿಯೂ ಹೋಗಬಹುದು, ಆದರೆ ತಲೆಗೊಂದು ಕಾರ್ಡ್ ಬೇಕು. ಗಂಡನ ಕಾರ್ಡನ್ನೇ ಎರಡು ಸಲ ತಟ್ಟಿದರೆ ಹೆಂಡತಿ ಟಿಕೆಟ್ ಇಲ್ಲದವಳೇ. ಟೆರ್ಮಿನಿಯಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರ್ ಬಸ್ಸಿನ ಸಹವಾಸವೇ ಬೇಡ. ಜೇಬುಗಳ್ಳರಿಗೆ ಹೆಸರಾದ ರೂಟು, ಉಸಿರಾಡಲೂ ಜಾಗವಿರದು. ಎ ಲೈನಿನಲ್ಲಿ ಆರು ಸ್ಟಾಪ್, ಒತ್ತಾವಿಯಾನೊದಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಅದೇ ಜಾಗ.

ಊಟದ ಮಟ್ಟಿಗೆ ರೋಮ್‌ನಲ್ಲಿ ದುಡ್ಡು ಉಳಿಯುವುದು ಪಿಜ್ಜಾ ಅಲ್ ತಾಲ್ಯೊ, ಅಂದರೆ ಪಿಜ್ಜಾ ಕತ್ತರಿಸಿ ಮಾರುವ ಅಂಗಡಿಗಳಿಂದ. ಗಾಜಿನ ಹಿಂದೆ ಉದ್ದುದ್ದ ತಟ್ಟೆ. ನೀವು ಬೆರಳು ತೋರಿಸಿದ ಪಿಜ್ಜಾ ಮೇಲೆ ಚಾಕು ಹಿಡಿದು ‘ಇಷ್ಟು?’ ಅಂತ ಕಣ್ಣಲ್ಲೇ ಕೇಳುತ್ತಾರೆ. ‘ಮೇನೊ’ ಅಂದರೆ ಚಾಕು ಇತ್ತ ಸರಿಯುತ್ತೆ, ‘ಪ್ಯೂ’ ಅಂದರೆ ಅತ್ತ. ಕತ್ತರಿಸಿ, ತೂಗಿ, ಬಿಸಿ ಮಾಡಿ ಕಾಗದದಲ್ಲಿ ಕೊಡುತ್ತಾರೆ. ಚೀಟಿಯಲ್ಲಿ 1.80 ಅಂತಿದ್ದರೆ ಅದು ತುಂಡಿಗಲ್ಲ, ಒಂದು ಎತ್ತೊಗೆ, ಅಂದರೆ 100 ಗ್ರಾಮಿಗೆ. ಇನ್ನು ಕೆಲವು ಕಡೆ ಕಿಲೋ ಲೆಕ್ಕ. ಒಬ್ಬರಿಗೆ 300 ಗ್ರಾಮ್ ಧಾರಾಳ. ಆಲೂಗಡ್ಡೆ, ರೋಸ್‌ಮೇರಿ ಹಾಕಿದ್ದು ಸಸ್ಯಾಹಾರಿಗಳು ಕಣ್ಣುಮುಚ್ಚಿ ತಿನ್ನಬಹುದಾದ ರುಚಿ, ಬರೀ ಟೊಮೆಟೊದ ‘ರೋಸ್ಸಾ’ ಅದಕ್ಕಿಂತ ಅಗ್ಗ. ಪಕ್ಕದಲ್ಲಿರುವ ಸುಪ್ಲಿ ಅನ್ನುವ ಅನ್ನದ ಉಂಡೆಯನ್ನು ಕೇಳದೆ ಬಾಯಿಗಿಡಬೇಡಿ, ಸಾಂಪ್ರದಾಯಿಕ ಸುಪ್ಲಿಯಲ್ಲಿ ಮಾಂಸದ ಸಾಸ್ ಇರುತ್ತೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಪೆಕೊರೀನೊ ರೊಮಾನೊ ಚೀಸ್ ಕೂಡ ಬಿಡಬೇಕು. ಹಾಲು ಒಡೆಸಲು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅಲ್ಲಿಗೆ, ಅದೇ ಚೀಸಿನಿಂದ ಮಾಡುವ ಹೆಸರುವಾಸಿ ಕಾಚೊ ಎ ಪೆಪೆ ಪಾಸ್ತಾವನ್ನೂ ಕೈಬಿಟ್ಟಂತೆಯೇ. ರೂಮಿನಲ್ಲಿ ಒಲೆ ಇದ್ದರೆ ಪಿಯಾಜಾ ವಿತ್ತೋರಿಯೊ ಹತ್ತಿರದ ಎಸ್ಕ್ವಿಲೀನೊ ಮಾರ್ಕೆಟ್ಟಿನಲ್ಲಿ ಬೇಳೆ, ಹಸಿಮೆಣಸು, ಕೊತ್ತಂಬರಿ ಸಿಗುತ್ತೆ. ಭಾನುವಾರ ರಜೆ.

‘ಶೊಪೆರೊ’ ಅನ್ನುವ ನೋಟಿಸ್ ಕಂಡರೆ ಮುಷ್ಕರ, ಬಹಳ ಸಲ ಶುಕ್ರವಾರವೇ. ದಿನವಿಡೀ ಮುಷ್ಕರವಿದ್ದರೂ ಬೆಳಗ್ಗೆ 8:30ರವರೆಗೆ, ಸಂಜೆ 5ರಿಂದ 8ರವರೆಗೆ ಬಸ್ಸು, ಮೆಟ್ರೋ ಓಡಿಸಲೇಬೇಕು. ಮಧ್ಯಾಹ್ನದ ವಿಮಾನವಿದ್ದರೆ ಎಂಟರೊಳಗೇ ಟೆರ್ಮಿನಿ ಸೇರಿ, ಬ್ಯಾಗನ್ನು ಸ್ಟೇಷನ್ನಿನ ಲಗೇಜ್ ಕೌಂಟರಿಗೆ ಕೊಟ್ಟುಬಿಡಿ.