ಕೊನೆಗೂ ಸಿಂಗಳೀಕ ನೋಡಿದೆ

ಮೂರು ದಿನ ಆಗುಂಬೆ, ಸೋಮೇಶ್ವರದ ಕಾಡು ಸುತ್ತಿ ನಿನ್ನೆ ರಾತ್ರಿ ಮನೆಗೆ ಬಂದೆ. ಇಂಬಳ (ಕಾಡಿನ ಜಿಗಣೆ) ಕಚ್ಚಿದ ಜಾಗ ಇನ್ನೂ ತುರಿಸುತ್ತಿದೆ. ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಊರು, ಇಂಬಳ ಇಲ್ಲದೆ ಇರುತ್ತಾ!

ಮೊದಲೆರಡು ದಿನ ಬರೀ ಸದ್ದು. ಮಂಗಟ್ಟೆ ಹಕ್ಕಿ ಹಾರಿದರೆ ತಲೆ ಮೇಲೆ ಯಾರೋ ಬೀಸಣಿಗೆ ಬೀಸಿದ ಹಾಗೆ ಕೇಳುತ್ತದೆ, ಕತ್ತೆತ್ತುವಷ್ಟರಲ್ಲಿ ಮಾಯ. ಮೂರನೇ ದಿನ ಬೆಳಿಗ್ಗೆ ಹಲಸಿನ ಮರದಲ್ಲಿ ಸಿಂಗಳೀಕ ಅನ್ನುವ ಮಂಗಗಳ ಗುಂಪು! ಕಪ್ಪು ಮುಖ, ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಪುಟ್ಟ ಕುಚ್ಚು. ಒಂದು ತಾಯಿ ಮರಿಯನ್ನು ಹೊಟ್ಟೆಗೆ ಅವಚಿಕೊಂಡೇ ಕೊಂಬೆಯಿಂದ ಕೊಂಬೆಗೆ ಹಾರಿದಾಗ ನಾನು ಕ್ಯಾಮೆರಾ ಎತ್ತುವುದನ್ನೇ ಮರೆತು ಸುಮ್ನೆ ನಿಂತುಬಿಟ್ಟೆ. ಇಡೀ ಜಗತ್ತಿನಲ್ಲಿ ಇವು ಇರುವುದು ನಮ್ಮ ಪಶ್ಚಿಮ ಘಟ್ಟದಲ್ಲಿ ಮಾತ್ರ ಅಲ್ವಾ, ಅದು ನೆನಪಾಗಿ ಕಣ್ಣು ತುಂಬಿತು.

ಇವು ನೆಲಕ್ಕೆ ಇಳಿಯುವುದೇ ಅಪರೂಪ. ಮರಕ್ಕೆ ಮರ ತಾಗಿದ್ದರೆ ಮಾತ್ರ ಇವಕ್ಕೆ ದಾರಿ. ರಸ್ತೆ ಅಗಲವಾದಷ್ಟೂ ಆ ದಾರಿ ತುಂಡಾಗುತ್ತದೆ. ವಾಪಸ್ ಬರುವಾಗ ಘಾಟಿಯ ತಿರುವಿನಲ್ಲಿ ಒಂದು ಕಾರಿನವರು ಕೋತಿಗಳಿಗೆ ಬಿಸ್ಕತ್ತು ಎಸೆಯುತ್ತಿದ್ದರು. ಇಳಿದು ಹೋಗಿ ಬೇಡ ಅಂದೆ. ಕೇಳಿದರು, ಪ್ಯಾಕೆಟ್ ಒಳಗಿಟ್ಟರು.